ವಾಷಿಂಗ್ಟನ್ ಖಾಲಿ ಮಾಡಿದ ಜಾಗ

ಅಕ್ಟೋಬರ್ 3, 2025, ಶುಕ್ರವಾರ

ಅಪ್ಪ ಏಣಿಯಿಂದ ಬಿದ್ದ ಸುದ್ದಿ ಬಂದಾಗ ನನಗೆ ಮೊದಲು ಆದದ್ದು ಸಮಾಧಾನ. ಹೆದರಿಕೆ, ದುಃಖ ಎಲ್ಲ ಆಮೇಲೆ ಬಂದವು. ಮೂರು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ.

ನಾನು ಹನ್ನೊಂದನೇ ಕ್ಲಾಸಿನ ನಡುವೆ ಶಾಲೆ ಬಿಟ್ಟದ್ದು ಅಪ್ಪನ ಸೊಂಟ ಮುರಿದದ್ದರಿಂದ, ಮನೆ ನಡೆಸಲಿಕ್ಕಾಗಿ, ಎಂದು ಇಲ್ಲಿ ಗಲ್ಫಿನ ಅಲ್ ಅಜೈಬಾದಲ್ಲಿರುವ ನಮ್ಮ ಊರಿನವರೆಲ್ಲ ನಂಬಿದ್ದಾರೆ. ಅಪ್ಪ ಖುರುಮ್‌ನಲ್ಲಿ ಒಂದು ಕಟ್ಟಡದ ತಾರಸಿಯಲ್ಲಿ ಎ.ಸಿ. ರಿಪೇರಿಗೆ ಹತ್ತಿ ಬಿದ್ದದ್ದು ನವೆಂಬರ್ 22ಕ್ಕೆ. ನಾನು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದು ಅದಕ್ಕೂ ಹತ್ತೊಂಬತ್ತು ದಿನ ಮೊದಲು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಾಲ್ಕು ವಿಷಯ ಹೋಗಿತ್ತು. ದಿನಾ ಯೂನಿಫಾರ್ಮ್ ಹಾಕಿ, ಬುತ್ತಿ ತೆಗೆದುಕೊಂಡು ಹೊರಟು, ಅಜೈಬಾದ ಸಮುದ್ರದಂಡೆಯಲ್ಲಿ ಕುಳಿತು, ಎರಡು ಗಂಟೆಗೆ ಮನೆಗೆ ಬರುತ್ತಿದ್ದೆ. ಹೆಸರು ತೆಗೆಯುತ್ತೇವೆ ಎಂಬ ಶಾಲೆಯ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಅಮ್ಮನ ಫೋನ್ ಬಂದಾಗ ದಂಡೆಯಿಂದಲೇ ಆಸ್ಪತ್ರೆಗೆ ಓಡಿದೆ. ಶಾಲೆಯಿಂದ ಓಡಿ ಬಂದೆನೆಂದು ಎಲ್ಲರೂ ತಿಳಿದರು. ನನ್ನ ಶೂ ತುಂಬ ಮರಳಿತ್ತು. ಯಾರೂ ನೋಡಲಿಲ್ಲ. ಟಿ.ಸಿ. ತರಲು ಅಮ್ಮನ ಸಹಿ ಹಾಕಿಸಿಕೊಂಡು ನಾನೊಬ್ಬನೇ ಹೋದೆ.

ಸುಳ್ಳು ಹೇಳದವನು ಎಂದು ನನಗೆ ಹೆಸರಿದೆ. ನಾನು ಕೆಲಸ ಮಾಡುವ ಸೂಪರ್ ಮಾರ್ಕೆಟ್‌ನ ಹಣ್ಣು ತರಕಾರಿ ವಿಭಾಗದಲ್ಲಿ ಗಿರಾಕಿ ಪಪ್ಪಾಯಿ ಎತ್ತಿಕೊಂಡರೆ, ಅದು ಸಿಹಿ ಇಲ್ಲ, ಇಡಿ ಎನ್ನುತ್ತೇನೆ. ಎರಡು ಸಲ ಮೆಮೊ ಸಿಕ್ಕಿದೆ. ಅಂಥವನ ಹೊಟ್ಟೆಯಲ್ಲಿ ಇದೊಂದು ಇದೆ.

ನಾನು ಬರೆಯುತ್ತಿರುವ ಈ ಪುಸ್ತಕ ಕೂಡ ನನ್ನದಲ್ಲ. ತಂಗಿ ಸುಪ್ರೀತಾಳಿಗೆ ಶಾಲೆಯಲ್ಲಿ ಬಹುಮಾನ ಬಂದದ್ದು. ಎರಡು ಬಂತಂತೆ. ಹೆಚ್ಚಾದದ್ದು ನನಗೆ.

ಅಕ್ಟೋಬರ್ 6, ಸೋಮವಾರ

ನಮ್ಮ ಕರಾವಳಿ ಸಂಘದವರು ಮಕ್ಕಳಿಗೆ ಇಂಗ್ಲಿಷ್ ಭಾಷಣ ಸ್ಪರ್ಧೆ ಇಟ್ಟಿದ್ದಾರೆ. ವಿಷಯ, ಮಹಾನ್ ಅಮೆರಿಕನ್ನರು ಮತ್ತು ಅವರನ್ನು ಹೀರೋ ಮಾಡಿದ್ದು ಏನು ಎಂಬುದು. ಬರುವ ವರ್ಷ ಅಮೆರಿಕಕ್ಕೆ ಇನ್ನೂರೈವತ್ತು ತುಂಬುತ್ತದಂತೆ. ಅದಕ್ಕೂ ಸಂಘಕ್ಕೂ ಏನು ಸಂಬಂಧ ಎಂದು ಕೇಳಿದೆ. ಪ್ರಾಯೋಜಕರ ಮಗಳು ಅಲ್ಲಿ ಡಾಕ್ಟರಂತೆ. ಇಲ್ಲಿ ಗೆದ್ದವರು ಡಿಸೆಂಬರ್ 5ಕ್ಕೆ ದುಬೈಯಲ್ಲಿ ಗಲ್ಫಿನ ಎಲ್ಲ ಸಂಘಗಳ ಫೈನಲ್‌ಗೆ ಹೋಗುತ್ತಾರೆ.

ಸುಪ್ರೀತಾ ಹೆಸರು ಕೊಟ್ಟಿದ್ದಾಳೆ. ಕೊಡದೆ ಇರುತ್ತಾಳೆಯೇ? ನಾವು ಊರು ಬಿಟ್ಟು ಇಲ್ಲಿಗೆ ಬಂದಾಗ ಅವಳಿಗೆ ಎಂಟು, ನನಗೆ ಹದಿಮೂರು. ನಾನು ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವನು. ಇಲ್ಲಿ ಒಂದು ಕ್ಲಾಸು ಹಿಂದೆ ಕೂರಿಸಿದರು. ಅವಳಿಗೆ ಇಂಗ್ಲಿಷ್ ಹತ್ತಿದ್ದು ನೆಗಡಿ ಹತ್ತಿದಷ್ಟು ಸುಲಭದಲ್ಲಿ. ನನಗೆ ಹತ್ತಲಿಲ್ಲ. ಈಗ ಅವಳು ಹನ್ನೊಂದನೆಯಲ್ಲಿದ್ದಾಳೆ, ನಾನು ಬಿಟ್ಟ ಕ್ಲಾಸಿನಲ್ಲಿ.

ಇವತ್ತು ಬಂಗುಡೆ ಸಾರು. ಅವಳಿಗೆ ಎರಡು, ನನಗೆ ಒಂದು. ಕೇಳಿದ್ದಕ್ಕೆ ಅಮ್ಮ, "ಅವಳಿಗೆ ಓದ್ಲಿಕ್ಕುಂಟಲ್ಲ ಶೈಲು" ಎಂದರು. ನಾನು ಬೆಳಗಿನಿಂದ ಈರುಳ್ಳಿ ಮೂಟೆ ಹೊತ್ತದ್ದಕ್ಕೆ ಬಂಗುಡೆ ಬೇಡ ಎಂದಾಯಿತು.

ಅಕ್ಟೋಬರ್ 11, ಶನಿವಾರ

ಭಾಷಣ ಬಾಯಿಪಾಠ ಒಪ್ಪಿಸುವುದು ನನಗೆ. ಕಾಗದ ನಾನು ಹಿಡಿಯಬೇಕು. ಅವಳು ನಿಂತು ಹೇಳುವಾಗ ತಪ್ಪಿದರೆ ಎತ್ತಿ ಹೇಳಬೇಕು. ಮೂವರನ್ನು ಆರಿಸಿದ್ದಾಳೆ. ಲಿಂಕನ್, ಹ್ಯಾರಿಯೆಟ್ ಟಬ್‌ಮನ್, ವಾಷಿಂಗ್ಟನ್.

ನನಗೆ ಈ ಮೂವರ ಮೇಲೂ ಹೊಟ್ಟೆಕಿಚ್ಚು. ಲಿಂಕನ್ ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ಆಗುವುದಿಲ್ಲವಂತೆ. ನಾನು ಹತ್ತು ವರ್ಷಕ್ಕಿಂತ ಹೆಚ್ಚು ಹೋದವನು. ಆತ ಕಡಿಮೆ ಓದಿದ್ದು ಹೆಗ್ಗಳಿಕೆ, ನಾನು ಕಡಿಮೆ ಓದಿದ್ದು ಅಯ್ಯೋ ಪಾಪ. ಶಾಲೆ ಬಿಟ್ಟು ಅಧ್ಯಕ್ಷರಾದವರ ಬಗ್ಗೆ ಭಾಷಣ ಮಾಡುತ್ತಾರೆ. ಶಾಲೆ ಬಿಟ್ಟು ಟೊಮೆಟೊ ಜೋಡಿಸುವವರು ಲೆಕ್ಕ ಹಾಕಿದರೆ ಎಷ್ಟು ಜನ ಇರಬಹುದು?

ಟಬ್‌ಮನ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೋದವಳು. ಉಳಿದವರನ್ನು ಬಿಡಿಸಲು ಸುಮಾರು ಹದಿಮೂರು ಸಲ ಅದೇ ದಾರಿಯಲ್ಲಿ ಹಿಂದಕ್ಕೆ ಬಂದಳಂತೆ. ಇವಳ ಬಗ್ಗೆ ಏನೂ ಅನ್ನಲಾರೆ. ನಾನು ತಪ್ಪಿಸಿಕೊಂಡು ಹೋದೆ, ಅಷ್ಟೆ. ಒಂದು ಸಲವೂ ಹಿಂದೆ ಬರಲಿಲ್ಲ.

"ಅಣ್ಣ, ಎಲ್ಲಿ ನೋಡ್ತಿದ್ದಿ? ನಾನು ಒಂದು ಪ್ಯಾರಾನೇ ಬಿಟ್ಟೆ, ನೀನು ಹೇಳ್ಲೇ ಇಲ್ಲ" ಎಂದಳು. ಬಿಟ್ಟದ್ದು ನನಗೆ ಗೊತ್ತಿತ್ತು.

ಅಕ್ಟೋಬರ್ 12, ಭಾನುವಾರ

ಅಪ್ಪ ಅವಳ ಭಾಷಣವನ್ನು ಬಾಗಿಲಿನ ಹಿಂದೆ ನಿಂತು ಕೇಳುತ್ತಾರೆ. ಇಂಗ್ಲಿಷ್ ಅವರಿಗೆ ಅರ್ಧ ಅರ್ಥವಾಗುತ್ತದೆ. ಸೊಂಟದ ಬೆಲ್ಟ್ ಹಿಡಿದುಕೊಂಡು ಅಷ್ಟು ಹೊತ್ತು ನಿಲ್ಲುತ್ತಾರೆ. ನನಗಾಗಿ ಅವರು ಎಲ್ಲಾದರೂ ಹೀಗೆ ನಿಂತದ್ದು ನೆನಪಿಲ್ಲ.

ಅಕ್ಟೋಬರ್ 17, ಶುಕ್ರವಾರ

ಸಿಕ್ಕಿತು.

ವಾಷಿಂಗ್ಟನ್ ಚಿಕ್ಕವನಿದ್ದಾಗ ಅಪ್ಪನ ಚೆರ್ರಿ ಮರ ಕಡಿದು, ಕೇಳಿದಾಗ, ಸುಳ್ಳು ಹೇಳಲು ನನ್ನಿಂದಾಗದು, ನಾನೇ ಕಡಿದೆ ಎಂದನಂತೆ. ಸುಪ್ರೀತಾಳ ಭಾಷಣದ ಕೊನೆಯ ಕಂತು ಅದು. ಅಲ್ಲಿ ಕೈ ಎತ್ತುತ್ತಾಳೆ, ದನಿ ಇಳಿಸುತ್ತಾಳೆ. ನನಗೆ ಯಾಕೋ ಸಂಶಯವಿತ್ತು. ಬಿಡುವಿನಲ್ಲಿ ಮೊಬೈಲಿನಲ್ಲಿ ಹುಡುಕಿದೆ. ನಾಲ್ಕು ಕಡೆ ಓದಿದೆ. ಅದು ನಡೆದೇ ಇಲ್ಲ. ವಾಷಿಂಗ್ಟನ್ ಸತ್ತು ಕೆಲವು ವರ್ಷವಾದ ಮೇಲೆ, ಅವರ ಜೀವನಚರಿತ್ರೆ ಬರೆದವನೊಬ್ಬ ಕಟ್ಟಿ ಸೇರಿಸಿದ ಕಥೆ ಎಂದು ತಿಳಿದವರು ಹೇಳುತ್ತಾರೆ. ಸತ್ಯ ಹೇಳಿದ ಕಥೆಯೇ ಸುಳ್ಳು.

ಇಷ್ಟು ಮನಸ್ಸಿಟ್ಟು ನಾನು ಶಾಲೆಯಲ್ಲಿ ಒಂದು ಪುಟ ಓದಿದ್ದಿಲ್ಲ.

ಅಕ್ಟೋಬರ್ 18, ಶನಿವಾರ

ಹೇಳಿದೆ. ನಿನ್ನೆಯೇ ಹೇಳಬಹುದಿತ್ತು. ಅವಳು ಮೂರೂ ಕಂತು ತಪ್ಪಿಲ್ಲದೆ ಒಪ್ಪಿಸಿ, ನೀರು ಕುಡಿದು, "ಹೇಗಿತ್ತು?" ಎಂದು ಕೇಳುವ ತನಕ ಕಾದು ಹೇಳಿದೆ.

ಮೊದಲು ನಂಬಲಿಲ್ಲ. ಮೊಬೈಲ್ ತೋರಿಸಿದೆ. ಓದುತ್ತಾ ಓದುತ್ತಾ ಅವಳ ಕುತ್ತಿಗೆ ಕೆಂಪಾಯಿತು. ಎರಡು ವಾರದಿಂದ ಮಾಡಿದ್ದು ಎಂದು ಅತ್ತಳು. ಅಮ್ಮ ಅಡುಗೆಮನೆಯಿಂದ, "ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ?" ಎಂದರು. ಸುಳ್ಳು ಸುಳ್ಳೇ ಅಲ್ಲವೇ, ನಾಳೆ ಜಡ್ಜ್ ಹೇಳಿದರೆ ಮರ್ಯಾದೆ ಹೋಗುವುದಿಲ್ಲವೇ ಎಂದು ನಾನು ವಾದಿಸಿದೆ. ಅದೂ ನಿಜವೇ.

ಆದರೆ ಇದು ನಾನೊಬ್ಬನೇ ಓದುವ ಪುಸ್ತಕ. ಅವಳು ಅಳುವಾಗ ನನಗೆ ಹಸಿವಾಯಿತು. ಬಹಳ ದಿನದ ಮೇಲೆ ರುಚಿಯಾಗಿ ಉಂಡೆ.

ಅಕ್ಟೋಬರ್ 26, ಭಾನುವಾರ

ನನಗೆ ಈಗ ಕಾಗದ ಹಿಡಿಯುವ ಕೆಲಸವಿಲ್ಲ. ವಾಷಿಂಗ್ಟನ್‌ನನ್ನು ತೆಗೆದು ಆ ಜಾಗಕ್ಕೆ ಬೇರೆ ಯಾರನ್ನೋ ಹಾಕಿದ್ದಾಳೆ. ಯಾರೆಂದು ಹೇಳುವುದಿಲ್ಲ. ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅಭ್ಯಾಸ ಮಾಡುತ್ತಾಳೆ. ಅಮ್ಮನಿಗೆ ಗೊತ್ತಿದೆ, ಅಮ್ಮನೂ ಬಾಯಿ ಬಿಡುವುದಿಲ್ಲ. ಯಾರೇ ಆಗಲಿ, ನಾನು ಹುಡುಕಿ ತೆಗೆಯುತ್ತೇನೆ ಅವನ ಬಣ್ಣ.

ಅಕ್ಟೋಬರ್ 31, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಂಘದ ಹಾಲ್‌ನಲ್ಲಿ ಹನ್ನೊಂದು ಮಕ್ಕಳು ಮಾತಾಡಿದರು. ಸುಪ್ರೀತಾ ಏಳನೆಯವಳು. ಲಿಂಕನ್ ಆಯಿತು, ಟಬ್‌ಮನ್ ಆಯಿತು. ಆಮೇಲೆ ಅವಳು, ಮೂರನೆಯ ಹೀರೋ ಅಮೆರಿಕದವನಲ್ಲ, ಅಮೆರಿಕವನ್ನು ನೋಡಿಯೂ ಇಲ್ಲ, ಈ ಹಾಲ್‌ನ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ ಎಂದಳು. ಆ ದೊಡ್ಡವರಲ್ಲಿ ನಾವು ಯಾವುದನ್ನು ಮೆಚ್ಚುತ್ತೇವೋ, ತನಗೆ ಬೇಕಾದದ್ದನ್ನು ಇನ್ನೊಬ್ಬರಿಗಾಗಿ ಬಿಡುವುದನ್ನು, ಅದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ ಎಂದಳು. ನನ್ನ ಅಣ್ಣ ಹದಿನೆಂಟು ವರ್ಷಕ್ಕೆ ತನ್ನ ಪುಸ್ತಕ ಮುಚ್ಚಿದ, ನನ್ನದು ತೆರೆದಿರಲಿ ಎಂದು.

ಜನ ತಿರುಗಿ ನೋಡಿದರು. ಯಾರೋ ಬೆನ್ನು ತಟ್ಟಿದರು. ಅವಳಿಗೆ ಮೊದಲ ಬಹುಮಾನ. ದುಬೈಗೆ ಅವಳೇ.

ನಾನು ತೆಗೆದ ವಾಷಿಂಗ್ಟನ್‌ನ ಜಾಗದಲ್ಲಿ ನನ್ನನ್ನೇ ತಂದು ನಿಲ್ಲಿಸಿದ್ದಾಳೆ. ಅವನದಾದರೂ ಸತ್ತ ಮೇಲೆ ಬೇರೆಯವರು ಕಟ್ಟಿದ ಸುಳ್ಳು. ನನ್ನದು ನಾನೇ, ಬದುಕಿರುವಾಗಲೇ ಕಟ್ಟಿದ್ದು.

ಕಾರಿನಲ್ಲಿ ಅವಳು, "ಸಿಟ್ಟಾ ಅಣ್ಣ?" ಎಂದು ಕೇಳಿದಳು. ಇಲ್ಲ ಎಂದೆ. ಅಷ್ಟೇ ಅಲ್ಲ, ನನಗೆ ಖುಷಿಯಾಗಿತ್ತು. ಹಾಲ್‌ನಲ್ಲಿ ಚಪ್ಪಾಳೆ ಕೇಳುವಾಗ ಒಂದು ಕ್ಷಣ, ಇದು ಅವಳಿಗೋ ನನಗೋ ಎಂದು ಅಳೆದು ನೋಡಿದ್ದೆ. ನನಗೆ ಸ್ವಲ್ಪ ಹೆಚ್ಚು ಎನಿಸಿತ್ತು.

ನವೆಂಬರ್ 2, ಭಾನುವಾರ

ಸಂಘದ ಕಾರ್ಯದರ್ಶಿ ಸಿಪ್ರಿಯನ್ ಅಂಕಲ್ ಮನೆಗೆ ಬಂದಿದ್ದರು. ನನಗೆ ಈ ಸೂಪರ್ ಮಾರ್ಕೆಟ್ ಕೆಲಸ ಕೊಡಿಸಿದವರು ಅವರೇ. ಹದಿನಾಲ್ಕರಂದು ವಾರ್ಷಿಕೋತ್ಸವ, ಅಲ್ಲಿ ನನಗೆ ಸನ್ಮಾನವಂತೆ. ಪ್ರತಿ ವರ್ಷ ಮಾರ್ಕು ತೆಗೆದವರಿಗೆ, ದೇಣಿಗೆ ಕೊಟ್ಟವರಿಗೆ ಮಾಡುತ್ತಾರೆ. "ಈ ವರ್ಷ ಒಬ್ಬ ಕಷ್ಟಪಟ್ಟವನಿಗೆ ಮಾಡುವ ಅಂತ ಕಮಿಟಿಯಲ್ಲಿ ಎಲ್ಲ ಒಪ್ಪಿದ್ದಾರೆ ಮಾರಾಯ. ನೀನು ಬೇಡ ಅನ್ಲಿಕ್ಕಿಲ್ಲ" ಎಂದರು.

ನಾನು ಬೇಡ ಎನ್ನಲಿಲ್ಲ. ಬಾಯಿಗೆ ಬಂದಿತ್ತು ಎಂದು ಬರೆದರೆ ಅದೂ ಸುಳ್ಳು. ಬಾಯಿಗೂ ಬರಲಿಲ್ಲ. ಸುಪ್ರೀತಾ ಇಲ್ಲಿಯ ತನಕ ನಾಲ್ಕು ಸಲ ಆ ವೇದಿಕೆ ಹತ್ತಿದ್ದಾಳೆ. ಅವಳಿಗೆ ಪೇಟ ತೊಡಿಸಿರಲಿಲ್ಲ, ಮಕ್ಕಳಿಗೆ ಸರ್ಟಿಫಿಕೇಟ್ ಮಾತ್ರ. ನನಗೆ ಪೇಟ ಉಂಟೇ ಎಂದು ಕೇಳಿದೆ. ಅಂಕಲ್ ನಕ್ಕರು. "ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಎಲ್ಲ ಉಂಟು."

ನವೆಂಬರ್ 9, ಭಾನುವಾರ

ಬಿಳಿ ಅಂಗಿ ಕೊಂಡೆ. ಮೀನಿನ ವಿಭಾಗದ ಮುಸ್ತಫಾ ಉಪ್ಪಿನಂಗಡಿಯವನು, ವಿಷಯ ಅವನಿಗೂ ಮುಟ್ಟಿದೆ. ಕಂಡಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು, "ಹೀರೋ ಸಾಹೇಬ್ರು ಬಂದ್ರು, ಬದನೆಕಾಯಿಗಳೇ ಎದ್ದು ನಿಲ್ಲಿ" ಎನ್ನುತ್ತಾನೆ.

ಮ್ಯಾನೇಜರ್ ತಮೀಮ್ ಮತ್ತೆ ಎಲ್ಲರನ್ನೂ ಸೇರಿಸಿ ಖಸಬ್ ಶಾಖೆಗೆ ಯಾರು ಹೋಗುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಎರಡು ವರ್ಷದ ಮಾತು. ದೇಶದ ಉತ್ತರಕ್ಕೆ ಮುಸಂದಮ್‌ನ ತುದಿ, ಬಂದರು, ಬೆಟ್ಟ, ಬೇಸಿಗೆಯಲ್ಲಿ ಕುಲುಮೆ. ಯಾರೂ ಕೈ ಎತ್ತಲಿಲ್ಲ. ನಾನು ನನ್ನ ಪೇಟದ ಬಣ್ಣ ಯಾವುದಿರಬಹುದು ಎಂದು ಯೋಚಿಸುತ್ತಿದ್ದೆ.

ಸುಪ್ರೀತಾ ಈಗ ನನ್ನೆದುರೇ ಅಭ್ಯಾಸ ಮಾಡುತ್ತಾಳೆ. ನನ್ನ ಕಂತು ಬಂದಾಗ ನಾನು ಕಾಗದ ನೋಡುವುದಿಲ್ಲ. ನನಗೂ ಬಾಯಿಪಾಠವಾಗಿದೆ.

ನವೆಂಬರ್ 14, ಶುಕ್ರವಾರ

ಆಯಿತು.

ಕೇಸರಿ ಪೇಟ. ಸಿಪ್ರಿಯನ್ ಅಂಕಲ್ ಅಭಿನಂದನಾ ಪತ್ರ ಓದಿದರು. ಕಡಲತಡಿಯ ಕುವರ, ತ್ಯಾಗದ ಮೇರು, ಇನ್ನೂ ಏನೇನೋ. ಮುನ್ನೂರು ಜನ. ನಾನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಮೊದಲ ಸಾಲಿನಲ್ಲಿ ಸುಪ್ರೀತಾ ಮೊಬೈಲ್ ಎತ್ತಿ ಹಿಡಿದಿದ್ದಳು. ಅವಳು ಕೆಳಗೆ, ನಾನು ಮೇಲೆ. ಇಷ್ಟು ವರ್ಷದ ಉರಿ ಒಂದೇ ಸಲ ಆರಿದ ಹಾಗಾಯಿತು.

ಆಗ ಅಪ್ಪನನ್ನು ವೇದಿಕೆಗೆ ಕರೆದರು. ಅದು ಕಾರ್ಯಕ್ರಮದಲ್ಲಿ ಇರಲಿಲ್ಲ. ಮಗನ ಬಗ್ಗೆ ಎರಡು ಮಾತು ಹೇಳಲಿ ಕೊರಗಪ್ಪಣ್ಣ ಎಂದು ಯಾರೋ ಕೂಗಿದರು. ಅಪ್ಪ ಮೆಟ್ಟಿಲು ಹತ್ತಲು ಬಹಳ ಹೊತ್ತು ಮಾಡಿದರು. ಮೈಕ್ ಹಿಡಿದರು. ಆಮೇಲೆ ಹೇಳಿದರು:

"ಏಣಿ ಜಾರಿತು ಅಂತ ನಾನು ಎಲ್ಲರ ಹತ್ರ ಹೇಳಿದ್ದೇನೆ. ಕಂಪನಿಗೂ ಹಾಗೇ ಬರೆದು ಕೊಟ್ಟಿದ್ದೇನೆ. ಏಣಿ ಸುಮ್ಮನೆ ಜಾರ್ಲಿಲ್ಲ. ತಾರಸಿಗೆ ಹತ್ತುವ ಮೊದಲು ಹಗ್ಗದಿಂದ ಕಟ್ಬೇಕು, ನಾನು ಕಟ್ಲಿಲ್ಲ. ಐದು ನಿಮಿಷದ ಕೆಲಸ. ಉದಾಸೀನ ಮಾಡಿದೆ. ನನ್ನ ಉದಾಸೀನದಿಂದ ಇವನ ಓದು ಹೋಯ್ತು."

ತಿರುಗಿ ನನಗೆ ಕೈ ಮುಗಿದರು. ಅಪ್ಪ, ನನಗೆ. ನನ್ನ ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ ಇತ್ತು. ಇಳಿಸಲೂ ಆಗಲಿಲ್ಲ.

ನವೆಂಬರ್ 15, ಶನಿವಾರ

ರಜೆ ಹಾಕಿದೆ. ಜ್ವರ ಎಂದು ಹೇಳಿದೆ. ಜ್ವರವಿಲ್ಲ.

ನವೆಂಬರ್ 18, ಮಂಗಳವಾರ

ಸ್ಮರಣಿಕೆಯನ್ನು ಅಮ್ಮ ಟಿ.ವಿ. ಪಕ್ಕ ಇಟ್ಟಿದ್ದಾರೆ. ಬಂದವರೆಲ್ಲ ಅದನ್ನು ಮುಟ್ಟಿ ನೋಡುತ್ತಾರೆ.

ಮೂರು ವರ್ಷ ನಾನು ಯೋಚಿಸಿದ್ದು ಸಿಕ್ಕಿಬೀಳುತ್ತೇನೋ ಎಂದು ಮಾತ್ರ. ನನ್ನ ಸುಳ್ಳು ಇನ್ನೊಬ್ಬರ ಬೆನ್ನ ಮೇಲೆ ಕೂತಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅಪ್ಪ ಮುನ್ನೂರು ಜನರ ಮುಂದೆ ತಮ್ಮ ತಪ್ಪು ಹೇಳಿದರು. ಯಾರೂ ಕೇಳಿರಲಿಲ್ಲ, ಯಾರೂ ಹಿಡಿದಿರಲಿಲ್ಲ. ಈಗ ನನಗೆ ಅಪ್ಪನ ಮೇಲೆ ಹೊಟ್ಟೆಕಿಚ್ಚು. ಹಾಗೆ ಹೇಳಿ ಕೆಳಗಿಳಿದ ಮೇಲೆ ಅವರು ಎರಡು ಸಲ ಪಾಯಸ ಹಾಕಿಸಿಕೊಂಡರು. ನನಗೆ ತುತ್ತು ಇಳಿಯಲಿಲ್ಲ.

ಸುಪ್ರೀತಾ ದುಬೈಯಲ್ಲಿ ಅದೇ ಭಾಷಣ ಮಾಡುತ್ತಾಳೆ. ರೆಕಾರ್ಡ್ ಮಾಡಿ ಎಲ್ಲ ದೇಶಕ್ಕೂ ಕಳಿಸುತ್ತಾರಂತೆ. ಈಗ ಹೇಳಿದರೆ ಅವಳ ಭಾಷಣ ಮುರಿಯುತ್ತದೆ. ಹೇಳದಿದ್ದರೆ ಅವಳು ತಿಳಿಯದೆ ಸುಳ್ಳು ಹೇಳುತ್ತಾಳೆ, ಅಪ್ಪ ತಿಳಿಯದೆ ಸಾಯುವ ತನಕ ಹೊರುತ್ತಾರೆ. ಹೇಳಬೇಕೆಂದು ನನಗೆ ಯಾಕೆ ಅನ್ನಿಸುತ್ತಿದೆ? ಅದು ಸತ್ಯ ಎಂದೋ, ಅವಳದು ಮುರಿಯಲಿ ಎಂದೋ? ಎರಡು ದಿನ ಯೋಚಿಸಿದೆ. ಗೊತ್ತಾಗಲಿಲ್ಲ.

ನವೆಂಬರ್ 20, ಗುರುವಾರ

ಸುಪ್ರೀತಾಳಿಗೆ ಹೇಳಿದೆ. ಇಲ್ಲಿಯ ರಾಷ್ಟ್ರೀಯ ದಿನದ ದೀಪ ನೋಡೋಣ ಎಂದು ಸಂಜೆ ನಡೆದುಕೊಂಡು ಹೋಗಿದ್ದೆವು. ಹತ್ತೊಂಬತ್ತು ದಿನ, ಸಮುದ್ರದಂಡೆ, ಶಾಲೆಯ ಪತ್ರ, ಎಲ್ಲ ಹೇಳಿದೆ. ಸಮಾಧಾನವಾದದ್ದನ್ನೂ ಹೇಳಿದೆ.

ಅವಳು ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ವಾಷಿಂಗ್ಟನ್‌ಗೆ ಅತ್ತಷ್ಟೂ ಅಳಲಿಲ್ಲ.

"ಪಪ್ಪಾಯಿ ಸಿಹಿ ಇಲ್ಲ ಅಂತ ದಾರಿಯಲ್ಲಿ ಹೋಗುವವರನ್ನು ಕರ್ದು ಹೇಳ್ತಿ. ಇದನ್ನು ಹೇಳ್ಲಿಕ್ಕೆ ನಿಂಗೆ ಮೂರು ವರ್ಷ ಬೇಕಾಯ್ತಾ?"

ನಾನು ಪಕ್ಕದಲ್ಲಿ ಕೂರಲು ಹೋದೆ, ಅವಳು ಎದ್ದು ನಿಂತು ಹೇಳಿದಳು:

"ಅಪ್ಪನಿಗೆ ನೀನೇ ಹೇಳ್ಬೇಕು. ನಾನು ಹೇಳಿದ್ರೆ ಅದು ಚಾಡಿ ಆಗ್ತದೆ."

ಇಷ್ಟೇ. ವಾಪಸು ಬರುವಾಗ ನನ್ನಿಂದ ಹತ್ತು ಹೆಜ್ಜೆ ಮುಂದೆ ನಡೆದಳು. ಅವಳು ಇಷ್ಟು ಎತ್ತರ ಬೆಳೆದದ್ದು ನಾನು ನೋಡಿಯೇ ಇರಲಿಲ್ಲ.

ನವೆಂಬರ್ 21, ಶುಕ್ರವಾರ

ಊಟದ ಮೇಲೆ ಅಪ್ಪ ನೆಲಕ್ಕೆ ಚಾಪೆ ಹಾಕಿ ಬೆನ್ನು ನೆಟ್ಟಗೆ ಮಾಡಿ ಮಲಗುತ್ತಾರೆ. ಪಕ್ಕದಲ್ಲಿ ಕೂತು ಹೇಳಿದೆ. ನೀವು ಬೀಳುವ ಮೊದಲೇ ನಾನು ಶಾಲೆ ಬಿಟ್ಟಾಗಿತ್ತು ಎಂದೆ.

"ಎಷ್ಟು ಮೊದ್ಲು?"

"ಹತ್ತೊಂಬತ್ತು ದಿನ."

ಅಪ್ಪ ಎದ್ದು ಕೂತರು. "ಹಾಗಾದ್ರೆ ನಾನು ಹಗ್ಗ ಕಟ್ಟದ್ದರಿಂದ ಅಲ್ಲ?" ಅಲ್ಲ ಎಂದೆ. ಮತ್ತೆ ಅದನ್ನೇ ಕೇಳಿದರು. ಅಲ್ಲ ಎಂದೆ. ಮೂರನೆಯ ಸಲವೂ ಕೇಳಿದರು. ಅಮ್ಮ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತವರು ಹಾಗೇ ನಿಂತಿದ್ದರು.

ಅಪ್ಪ ಎದ್ದು ಮುಖ ತೊಳೆದು, ಗಡ್ಡ ಹೆರೆದು, ಹೊರಗೆ ಹೋದರು. ಎಲ್ಲಿಗೆ ಎಂದು ಹೇಳಲಿಲ್ಲ. ಅವರು ಬೆಲ್ಟ್ ಇಲ್ಲದೆ ಮೆಟ್ಟಿಲು ಇಳಿಯುವ ಸದ್ದು ಕೇಳಿತು. ಬರುವಾಗ ಕತ್ತಲಾಗುತ್ತಿತ್ತು. ಚಪ್ಪಲಿ ಬಿಡುತ್ತಾ ಹೇಳಿದರು:

"ಮೂರು ವರ್ಷ ನಿನ್ನ ಮುಖ ನೋಡಿ ಅನ್ನ ಉಣ್ಣಲಿಕ್ಕೆ ಆಗ್ತಿರಲಿಲ್ಲ ನನಗೆ. ನೀನು ಎದುರೇ ಕೂತು ಉಣ್ತಿದ್ದಿ."

ಬಾರಿಸಿದ್ದರೆ ಒಳ್ಳೆಯದಿತ್ತು.

ನವೆಂಬರ್ 24, ಸೋಮವಾರ

ಅಪ್ಪ ನನ್ನೊಡನೆ ಮಾತಾಡುತ್ತಿಲ್ಲ. ಅಮ್ಮನ ಮೂಲಕ ಹೇಳಿಸಿದರು, ಸ್ಮರಣಿಕೆಯನ್ನೂ ಶಾಲನ್ನೂ ಸಂಘಕ್ಕೆ ಕೊಟ್ಟು ಬರಬೇಕು ಎಂದು. ಚೀಲದಲ್ಲಿ ಹಾಕಿಕೊಂಡು ಸಿಪ್ರಿಯನ್ ಅಂಕಲ್ ಮನೆಗೆ ಹೋದೆ. ನಿಂತೇ ಎಲ್ಲ ಹೇಳಿದೆ. ಮೂರನೆಯ ಸಲ ಹೇಳುವುದರಿಂದ ಮಾತು ಸರಾಗವಾಗಿ ಬಂತು, ಅದಕ್ಕೇ ನಾಚಿಕೆಯಾಯಿತು.

ಅವರು ಕನ್ನಡಕ ತೆಗೆದು ಒರೆಸಿದರು. "ನೀನು ಹೇಳಿದ್ದು ಒಳ್ಳೆದಾಯ್ತು. ಆದ್ರೆ ಸನ್ಮಾನ ವಾಪಸ್ ತಗೊಳ್ಳುವ ಕ್ರಮ ನಮ್ಮಲ್ಲಿಲ್ಲ ಮಾರಾಯ. ಮಿನಿಟ್ಸಲ್ಲಿ ಬರ್ದಾಗಿದೆ. ಫೋಟೊ ಸಂಚಿಕೆಗೆ ಹೋಗಿದೆ. ನಾನು ಇದನ್ನು ಎಲ್ಲಿ ಇಡ್ಲಿ? ನಿನ್ನ ಹೆಸ್ರು ಬೇರೆ ಕೆತ್ತಿದೆ."

ಅವರ ಹೆಂಡತಿ ಚಹಾ ಕೊಟ್ಟರು. ಚೀಲ ವಾಪಸು ತಂದೆ. ಅಪ್ಪ ಅದನ್ನು ನೋಡಿ, ಮಂಚದ ಕೆಳಗೆ ತಳ್ಳಿದರು.

ನವೆಂಬರ್ 25, ಮಂಗಳವಾರ

ತಮೀಮ್‌ಗೆ ಖಸಬ್‌ಗೆ ಹೋಗುತ್ತೇನೆಂದು ಹೇಳಿದೆ. ಯಾಕೆ ಎಂದು ಕೇಳಿದ. ಮನೆಯಲ್ಲಿ ಅಪ್ಪನಿಗೆ ನಾನು ಕಾಣದಿದ್ದರೆ ಊಟ ಸೇರಬಹುದು ಎಂದೆ. ತಮಾಷೆ ಎಂದುಕೊಂಡ. ಅಲ್ಲಿಯ ಗಿರಾಕಿಗಳಿಗೂ ಪಪ್ಪಾಯಿ ಬಗ್ಗೆ ಉಪದೇಶ ಮಾಡಬೇಡ ಎಂದು ಬೆನ್ನು ತಟ್ಟಿ, ಖಲಾಸ್, ಆಯಿತು, ಡಿಸೆಂಬರ್ ನಾಲ್ಕಕ್ಕೆ ಹೊರಡು ಎಂದ.

ಮುಸ್ತಫಾ ದಿನವಿಡೀ ನನ್ನನ್ನು ಹೀರೋ ಎನ್ನಲಿಲ್ಲ. ಅದೇ ಬೇಜಾರಾಯಿತು.

ಸಂಜೆ ಮನೆಯಲ್ಲಿ ಹೇಳಿದೆ. ಅಮ್ಮ ಅತ್ತರು. ಓಡಿ ಹೋಗುತ್ತಿದ್ದೀಯಾ ಎಂದು ಕೇಳಿದರು. ಇರಬಹುದು ಎಂದೆ. ಹೋಗುವ ದಿನ ಈ ಸಲ ಎಲ್ಲರಿಗೂ ತಿಳಿಸಿದ್ದೇನೆ, ಅಷ್ಟೇ ವ್ಯತ್ಯಾಸ.

ನವೆಂಬರ್ 29, ಶನಿವಾರ

ಸುಪ್ರೀತಾ ಒಂಬತ್ತು ದಿನದ ಮೇಲೆ ನನ್ನ ಕೋಣೆಗೆ ಬಂದಳು. ಕಾಗದ ಕೊಟ್ಟು, ಹಿಡಿ ಎಂದಳು.

ಭಾಷಣ ಬದಲಾಯಿಸಿದ್ದಾಳೆ. ಮೂರನೆಯ ಜಾಗದಲ್ಲಿ ಈಗಲೂ ನಾನೇ ಇದ್ದೇನೆ. ನನ್ನ ಅಣ್ಣ ಸುಳ್ಳು ಹೀರೋ ಆಗಿದ್ದ, ಬಂದ ಸನ್ಮಾನವನ್ನು ಬಿಟ್ಟು ಸತ್ಯ ಹೇಳಿದ, ಆದ್ದರಿಂದ ಈಗ ನಿಜವಾದ ಹೀರೋ ಎಂದು ಬರುತ್ತದೆ. ಮೊದಲಿನದಕ್ಕಿಂತ ಚೆನ್ನಾಗಿದೆ. ಖಂಡಿತ ಗೆಲ್ಲುತ್ತಾಳೆ.

ತೆಗೆ ಎಂದೆ.

"ಯಾಕೆ? ಇದು ನಿಜ ಅಲ್ವಾ?"

"ಅರ್ಧ. ನಾನು ಸನ್ಮಾನ ಬಿಡಲಿಲ್ಲ, ತಗೊಂಡೆ. ಪೇಟ ಉಂಟಾ ಅಂತ ಕೇಳಿ ತಗೊಂಡೆ. ಮತ್ತೆ ನಿನ್ನ ಹತ್ರ ಹೇಳಿದ್ದು ಸತ್ಯ ಅಂತ ಮಾತ್ರ ಅಲ್ಲ. ನಿನ್ನ ಭಾಷಣ ಹಾಳಾಗ್ಲಿ ಅಂತಲೂ ಇರಬಹುದು. ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ಎಂಟು ವರ್ಷದಿಂದ."

ಅವಳು ನನ್ನನ್ನೇ ನೋಡಿದಳು. "ಅದು ಗೊತ್ತುಂಟು. ಬಂಗುಡೆ ಲೆಕ್ಕ ಹಾಕ್ತಿ ನೀನು."

ನಾವಿಬ್ಬರೂ ನಕ್ಕೆವು. ಆಮೇಲೆ ಅವಳಿಗೆ ಸಿಟ್ಟು ಬಂತು. ಮೊದಲು ವಾಷಿಂಗ್ಟನ್‌ನನ್ನು ತೆಗೆದೆ, ಈಗ ನಿನ್ನನ್ನು ಎರಡು ಸಲ ತೆಗೆದೆ, ಆರು ದಿನದಲ್ಲಿ ನಾನು ಎಲ್ಲಿಂದ ತರಲಿ ಇನ್ನೊಬ್ಬನನ್ನು ಎಂದು ಕಾಗದವನ್ನು ನನ್ನ ಮೇಲೆ ಎಸೆದು ಹೋದಳು. ನ್ಯಾಯವೇ.

ಡಿಸೆಂಬರ್ 1, ಸೋಮವಾರ

ನಿನ್ನೆ, ಇವತ್ತು ಬಿಡುವು ಸಿಕ್ಕಾಗಲೆಲ್ಲ ಮೊಬೈಲಿನಲ್ಲಿ ಓದಿದೆ. ಎಷ್ಟೋ ಜನರನ್ನು ನೋಡಿದೆ. ಹಾರಿದವರು, ಕಂಡುಹಿಡಿದವರು, ಮೆರವಣಿಗೆ ಮಾಡಿದವರು. ಕೊನೆಗೆ ಒಬ್ಬಳು ಸಿಕ್ಕಳು.

ಲಿಂಕನ್‌ಗೆ ಒಬ್ಬ ಅಕ್ಕ ಇದ್ದಳು. ಸಾರಾ ಎಂದು ಹೆಸರು. ತಮ್ಮನಿಗಿಂತ ಎರಡು ವರ್ಷ ದೊಡ್ಡವಳು. ಇಬ್ಬರೂ ಒಟ್ಟಿಗೆ ಶಾಲೆಗೆ ನಡೆದು ಹೋಗುತ್ತಿದ್ದರಂತೆ. ತಾಯಿ ಸತ್ತಾಗ ಅವಳಿಗೆ ಹನ್ನೊಂದು, ಅಡುಗೆ ಮನೆಗೆಲಸ ಅವಳ ಪಾಲಿಗೆ ಬಂತು. ಮದುವೆಯಾಗಿ, ಹೆರಿಗೆಯಲ್ಲಿ, ಇಪ್ಪತ್ತೊಂದು ತುಂಬುವ ಮೊದಲೇ ತೀರಿಕೊಂಡಳು. ತಮ್ಮ ಅಧ್ಯಕ್ಷನಾದದ್ದನ್ನು ನೋಡಲಿಲ್ಲ. ನನಗೆ ಇಪ್ಪತ್ತೊಂದು ಆಗಿದೆ.

ನಾಲ್ಕು ಕಡೆ ಹೋಲಿಸಿ, ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಸುಪ್ರೀತಾಳ ಮೇಜಿನ ಮೇಲಿಟ್ಟೆ. ಅವಳು ಓದಿ ಬಂದು ಕೇಳಿದಳು, ಇವಳು ತಮ್ಮನಿಗಾಗಿ ತ್ಯಾಗ ಮಾಡಿದಳು ಎಂದು ಬರೆಯಲೇ ಎಂದು.

"ಬೇಡ. ನಮಗೆ ಗೊತ್ತಿಲ್ಲ. ಅವಳಿಗೂ ತಮ್ಮನ ಮೇಲೆ ಹೊಟ್ಟೆ ಉರಿದಿರಬಹುದು. ಅವಳು ಇದ್ದಳು ಅಂತ ಬರಿ. ಅಷ್ಟು ಸಾಕು."

ಅವಳು ತಲೆ ಅಲ್ಲಾಡಿಸಿ ಹೋದಳು. ಎರಡು ಗಂಟೆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ನಡುವೆ ಒಂದು ಸಲ ಹೋಗಿ ಫ್ಯಾನ್ ಸಣ್ಣದು ಮಾಡಿ ಬಂದೆ, ಕಾಗದ ಹಾರುತ್ತಿತ್ತು.

ಡಿಸೆಂಬರ್ 3, ಬುಧವಾರ

ಹೊಸ ಭಾಷಣ ಪೂರ್ತಿ ಒಪ್ಪಿಸಿದಳು. ಸಾರಾಳ ಕಂತಿನಲ್ಲಿ ಒಂದು ಕಡೆ ತಪ್ಪಿದಳು. ಎತ್ತಿ ಹೇಳಿದೆ. ಮತ್ತೆ ಮೊದಲಿನಿಂದ ಹೇಳಿಸಿದೆ. ಹಳೆಯ ಭಾಷಣದಷ್ಟು ಚಪ್ಪಾಳೆ ಇದಕ್ಕೆ ಬೀಳಲಿಕ್ಕಿಲ್ಲ ಎಂದು ಅವಳಿಗೂ ಗೊತ್ತಿದೆ, ನನಗೂ ಗೊತ್ತಿದೆ. ಮೂರನೆಯ ಸ್ಥಾನ ಬಂದರೂ ಬರಬಹುದು. ಅವಳ ಬಿಳಿ ಕುರ್ತಾಕ್ಕೆ ಇಸ್ತ್ರಿ ಹಾಕಿಟ್ಟಿದ್ದೇನೆ. ತೋಳಿನಲ್ಲಿ ಒಂದು ಗುಂಡಿ ಸಡಿಲವಿತ್ತು, ಅಮ್ಮನಿಗೆ ಹೇಳಿ ಹೊಲಿಸಿದೆ.

ಅಮ್ಮ ಮಾವಿನ ಉಪ್ಪಿನಕಾಯಿ, ಒಣ ಸಿಗಡಿ ಚಟ್ನಿ ಕಟ್ಟಿಕೊಟ್ಟಿದ್ದಾರೆ. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು. ಅಪ್ಪ ನನ್ನ ಎದುರಿಗೇ ಕೂತು ಉಂಡರು, ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ನನ್ನೊಡನೆ ಮಾತಾಡಲಿಲ್ಲ. ವಿಮಾನ ಎಷ್ಟು ಗಂಟೆಗೆ ಎಂದು ಅಮ್ಮನನ್ನು ಕೇಳಿದರು. ಅಮ್ಮ ನನ್ನನ್ನು ನೋಡಿದರು. ಏಳೂವರೆಗೆ ಎಂದೆ. ಅಪ್ಪ ತಲೆ ಎತ್ತದೆ ಸಾರು ಕಲಸಿದರು.

ನಾಳೆ ಬೆಳಿಗ್ಗೆ ಖಸಬ್‌ಗೆ ಹೊರಡುತ್ತೇನೆ.